ಮೀಸಲು ಇಟ್ಟ ಆಂಪ್ಲಿಫೈಯರ್

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ನಿಮ್ಮ ಅನುಭವ ಬರೆಯಿರಿ ಮೇಡಂ ಎನ್ನುತ್ತಾರೆ. ಯಾವ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು ಎಂಥದು, ಭಾಷಣ ಮಾಡಿದವರು ನನ್ನ ಹೆಸರನ್ನು ಹೇಗೆ ತಪ್ಪಾಗಿ ಹೇಳಿದರು ಎಂದೆಲ್ಲ ಬರೆದರೆ ನೀವು ಆಕಳಿಸುತ್ತೀರಿ. ಅದನ್ನು ಬಿಡುತ್ತೇನೆ. ಸುಟ್ಟ ಹೆಡ್‌ಫೋನುಗಳ ವಿಷಯ ಬರೆಯುತ್ತೇನೆ. ನನ್ನ ವೃತ್ತಿಯಲ್ಲಿ ಕಲಿತದ್ದರ ಮುಕ್ಕಾಲು ಪಾಲು ಸುಟ್ಟ ವಾಸನೆಯಿಂದಲೇ ಬಂದದ್ದು.

ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಹುಡುಗರಿಗೆ ಮೇಡಂ, ಹಳ್ಳಿಯ ಹಿರಿಯರ ಬಾಯಲ್ಲಿ ಬಾಯಾರು. ನಮ್ಮದು ಖಾಸಗಿ ಸಂಸ್ಥೆ, ಹೆಸರು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ಕಡೆ ಶಾಖೆಗಳಿದ್ದವು. ನನ್ನ ಬಾಯಿ ಸ್ವಲ್ಪ ಜೋರು. ಆಡಳಿತದವರಿಗೆ ಸಿಟ್ಟು ಬಂದಾಗೊಮ್ಮೆ ಒಂದು ಶಾಖೆಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಿದ್ದರು. ಅವರು ಕೊಟ್ಟ ಶಿಕ್ಷೆಯಿಂದ ನಾಲ್ಕು ಊರಿನ ನೀರು ಕುಡಿದು ಗಟ್ಟಿಯಾದೆ.

ಮೊದಲು ಸೇರಿದ್ದು ಇಂಡಿಯಲ್ಲಿ. ಅಲ್ಲಿ ಕುಲಕರ್ಣಿ ಸರ್ ಎಂಬ ಹಿರಿಯ ಶಿಕ್ಷಕರಿದ್ದರು. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಪಾಠ ಮಾಡುತ್ತಿದ್ದರು. ಹೀಗಾಗಿ ಅವರ ಅರ್ಧ ವಿದ್ಯೆ ನಮಗೆ ಸನ್ನೆಯಲ್ಲೇ ಬಂದಿದೆ. ಅವರ ಮೇಜಿನ ಮೇಲೆ ಒಂದು ಹಲಗೆ ಇತ್ತು. ಹಲಗೆಯ ಮೇಲೆ ಹಳೆಯ ಕಾಲದ ಒಂದು ಹಳದಿ ಬಲ್ಬು, ಪಕ್ಕದಲ್ಲಿ ಒಂದು ಸಾಕೆಟ್. ಯಾವ ಯಂತ್ರ ರಿಪೇರಿಗೆ ಬಂದರೂ, ಯಾವ ಹುಡುಗ ಹೊಸದಾಗಿ ಏನು ಕಟ್ಟಿದರೂ, ಅದಕ್ಕೆ ಮೊದಲ ಕರೆಂಟು ಆ ಬಲ್ಬನ್ನು ದಾಟಿಯೇ ಹೋಗಬೇಕು. ಯಂತ್ರದೊಳಗೆ ಎಲ್ಲ ಸರಿಯಿದ್ದರೆ ಬಲ್ಬು ಮಿಣಕ್ ಎಂದು ಸುಮ್ಮನಾಗುತ್ತದೆ. ಒಳಗೆ ತಪ್ಪಿದ್ದರೆ ಬಲ್ಬು ಝಗ್ ಎಂದು ಪೂರಾ ಉರಿಯುತ್ತದೆ, ಯಂತ್ರ ಉಳಿಯುತ್ತದೆ.

"ಇಕಿ ಮನೀ ಹಿರೇ ಸೊಸಿ ಇದ್ದಂಗ. ಒಳಗ ಜಗಳ ಆದ್ರ ಮೊದಲ ಇಕಿ ಮಾರಿ ಕೆಂಪಾಗ್ತೈತಿ" ಎನ್ನುತ್ತಿದ್ದರು. ಹುಡುಗರು ನಗುತ್ತಿದ್ದರು. ನಾನು ಆಗಷ್ಟೇ ಒಂದು ಮನೆಗೆ ಹಿರಿಯ ಸೊಸೆಯಾಗಿ ಹೋಗಿದ್ದವಳು, ನನಗೆ ಅಷ್ಟು ನಗು ಬರುತ್ತಿರಲಿಲ್ಲ. ಆದರೆ ಒಮ್ಮೆ ಅವಸರದಲ್ಲಿ ಬಲ್ಬಿನ ಹಲಗೆ ಬಿಟ್ಟು ನೇರ ಗೋಡೆಗೆ ಪ್ಲಗ್ ಚುಚ್ಚಿ, ಒಂದು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಹೊಗೆಯಾಡಿಸಿದೆ. ಸರ್ ಬೈಯಲಿಲ್ಲ. ತಾಮ್ರದ ತಂತಿಯ ಉಂಡೆ ತಂದಿಟ್ಟು, ಅದನ್ನು ಟ್ರಾನ್ಸ್‌ಫಾರ್ಮರಿಗೆ ಕೈಯಲ್ಲಿ ಸುತ್ತಿ ಮುಗಿಸುವವರೆಗೆ ಬೇರೆ ಕೆಲಸ ಇಲ್ಲ ಎಂದರು. ಸುತ್ತಿ ಸುತ್ತಿ ನನ್ನ ಬೆರಳು ಬಾತುಕೊಂಡವು. ಈಗಿನ ಮಕ್ಕಳಿಗೆ ಆ ಬಲ್ಬು ಅಂಗಡಿಯಲ್ಲಿ ಸಿಗುವುದೇ ಕಷ್ಟ. ಎಲ್‌ಇಡಿ ಬಲ್ಬು ಹಾಕಿ ಈ ಹಲಗೆ ಮಾಡಲು ಹೋಗಬೇಡಿ, ಅದು ಈ ಕೆಲಸಕ್ಕೆ ಬರುವುದಿಲ್ಲ. ಹಳೆಯದು ಎಲ್ಲಾದರೂ ಕಂಡರೆ ಎತ್ತಿಟ್ಟುಕೊಳ್ಳಿ.

ಸಿಂದಗಿಗೆ ಬಂದ ಮೇಲೆ ಕಾಲ ಬದಲಾಯಿತು. ರೇಡಿಯೊ ಹೊತ್ತು ತರುವವರು ಕಡಿಮೆಯಾದರು, ಫೋನಿನಲ್ಲಿ ವಿಡಿಯೊ ನೋಡಿ ತಾವೇ ಕಟ್ಟಿಕೊಂಡು, ಕೆಡಿಸಿಕೊಂಡು ಬರುವವರು ಹೆಚ್ಚಾದರು. ತಾಂಬಾದಿಂದ ಒಬ್ಬ ಟ್ರ್ಯಾಕ್ಟರ್ ಚಾಲಕ ಬಂದಿದ್ದ. ಕಬ್ಬು ಹೇರುವ ಟ್ರ್ಯಾಕ್ಟರಿನಲ್ಲಿ ನಮ್ಮ ಕಡೆಯವರು ಎಂಜಿನ್ನಿಗಿಂತ ದೊಡ್ಡ ಮ್ಯೂಸಿಕ್ ಸಿಸ್ಟಮ್ ಕೂರಿಸುತ್ತಾರೆ, ನಿಮಗೆ ಗೊತ್ತು. ಸಕ್ಕರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಾಗ ಇವನ ಹಾಡು ಕೇಳಿ ಕೇಳಿ ಉಳಿದ ಚಾಲಕರು ರೇಗಿದ್ದರು. ಪಾಪ, ಒಳ್ಳೆಯವನು. ಸೊಲ್ಲಾಪುರದಿಂದ ಚೆನ್ನಾದ ಹೆಡ್‌ಫೋನ್ ತಂದು, ಅದರ ಒಂದು ತುದಿಯನ್ನು ಸ್ಪೀಕರಿನ ವೈರಿಗೆ, ಇನ್ನೊಂದನ್ನು ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ, ಅಂದರೆ ಬಾಡಿಗೆ, ಜೋಡಿಸಿದ್ದ. ಗಾಡಿಯ ಕರೆಂಟಿನ ಮೈನಸ್ ಬಾಡಿಯಲ್ಲೇ ಇರುತ್ತದಲ್ಲ, ಲೈಟಿಗೆ, ಹಾರನ್ನಿಗೆ ಹಾಗೇ ಜೋಡಿಸುವುದು, ಇದಕ್ಕೂ ಸಾಕು ಎಂದು ಅವನ ಲೆಕ್ಕ. ಹಾಡು ಬರುವುದಕ್ಕೆ ಮೊದಲು ಠಪ್ ಎಂದಿತು, ಆಮೇಲೆ ಮೌನ. ಎರಡು ದಿನ ಕಿವಿ ಗುಂಯ್‌ಗುಟ್ಟಿತಂತೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಾಡು ಎಂದರೆ ಹೋಗಿ ಬರುವ ಕರೆಂಟು. ಅದು ಹೆಡ್‌ಫೋನಿನೊಳಗಿನ ಕೂದಲಿನಂಥ ಸುರುಳಿಯನ್ನು ಮುಂದೆ ಹಿಂದೆ ಆಡಿಸುತ್ತದೆ. ಹೋಗಿ ಬರದೆ ಒಂದೇ ಕಡೆ ಬಂದು ಕೂತ ಕರೆಂಟು, ಅಂದರೆ ಡಿಸಿ, ಸುರುಳಿಯನ್ನು ಒಂದು ಬದಿಗೆ ನೂಕಿ ಹಿಡಿದು ಸುಡುತ್ತದೆ. ಆ ಟ್ರ್ಯಾಕ್ಟರಿನ ಸಿಸ್ಟಮ್ಮಿನಂಥವುಗಳಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಬ್ಯಾಟರಿಯ ಅರ್ಧ ಕರೆಂಟು ಸದಾ ಕೂತಿರುತ್ತದೆ. ಎರಡೂ ಸಮ ಇರುವುದರಿಂದ ಸ್ಪೀಕರಿಗೆ ತೊಂದರೆಯಿಲ್ಲ. ಹೆಡ್‌ಫೋನಿನ ಒಂದು ತುದಿಯನ್ನು ಗಾಡಿಯ ಬಾಡಿಗೆ ಜೋಡಿಸಿದರೆ ಆ ಅರ್ಧವೆಲ್ಲ ಅದರ ಮೇಲೇ ಬಿದ್ದು ಕಥೆ ಮುಗಿಯಿತು.

ಅಂದಿನಿಂದ ನನ್ನ ಶಿಷ್ಯರಿಗೆ ಒಂದು ಕ್ರಮ ಹಾಕಿಕೊಟ್ಟೆ. ಮನೆಯಲ್ಲಿ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರಿಗೆ ಮೊದಲು ಮೀಟರ್ ಹಿಡಿದು ಡಿಸಿ ನೋಡು. ಸೊನ್ನೆಯ ಹತ್ತಿರ ಇದ್ದರೆ, ಗುಜರಿಯಲ್ಲಿ ಸಿಗುವ ಹಳೆಯ ಇಯರ್‌ಫೋನ್ ಹಾಕು. ಅದನ್ನೂ ಕಿವಿಗೆ ಇಟ್ಟುಕೊಳ್ಳಬೇಡ, ಮೇಜಿನ ಮೇಲಿಡು. ವಾಲ್ಯೂಮ್ ಪೂರಾ ಇಳಿಸಿರು. ಅದು ಬದುಕಿದರೆ ಮಾತ್ರ ಒಳ್ಳೆಯ ಹೆಡ್‌ಫೋನ್, ಆಮೇಲೆ ಕಿವಿ. ಸ್ವಿಚ್ ಹಾಕಿ ಸ್ವಲ್ಪ ತಡೆದು ಹೆಡ್‌ಫೋನ್ ಜೋಡಿಸು. ಬಂದ್ ಮಾಡುವಾಗ ಹೆಡ್‌ಫೋನ್ ತೆಗೆದ ಮೇಲೆ ಸ್ವಿಚ್ ಆರಿಸು. ಈ ಕೆಲಸಕ್ಕೆಂದು ಹಳೆಯ ಇಯರ್‌ಫೋನುಗಳ ಒಂದು ಡಬ್ಬಿಯನ್ನೇ ಇಟ್ಟಿದ್ದೆ. ಹುಡುಗರು ಅದಕ್ಕೆ ಬಲಿಪೀಠ ಎನ್ನುತ್ತಿದ್ದರು.

ಮುದ್ದೇಬಿಹಾಳದ ಮುಖ್ಯಸ್ಥರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಭ್ಯರು, ಆದರೆ ಯಂತ್ರಗಳ ಮೇಲೆ ಅವರಿಗೆ ಭಕ್ತಿ ಜಾಸ್ತಿ. ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹೊಸ ಆಸಿಲೋಸ್ಕೋಪ್ ಬಂದಾಗ ಅದಕ್ಕೆ ವಿಭೂತಿ ಬಳಿದು, ಕಾಯಿ ಒಡೆದು, ಅಲಮಾರಿನಲ್ಲಿಟ್ಟು ಕೀಲಿ ಹಾಕಿದರು. ಕೇಳಿದಾಗಲೆಲ್ಲ, ಹುಡುಗರ ಕೈಗೆ ಕೊಟ್ಟರೆ ಕೆಡುತ್ತದೆ ಎನ್ನುತ್ತಿದ್ದರು. ವಾರಂಟಿ ಮುಗಿದ ಮೇಲೆ ತಪಾಸಣೆಗೆ ಯಾರೋ ಬರುತ್ತಾರೆಂದು ತೆಗೆದರೆ ಅದು ಶುರುವೇ ಆಗಲಿಲ್ಲ. ಹುಟ್ಟಿದಾಗಲೇ ಸತ್ತಿತ್ತೋ, ಅಲಮಾರಿನಲ್ಲಿ ಸತ್ತಿತೋ ಯಾರಿಗೂ ತಿಳಿಯಲಿಲ್ಲ. ಅದನ್ನು ಎಲ್ಲರೆದುರು ಹೇಳಿದ್ದಕ್ಕೇ ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು.

ಬಾಗೇವಾಡಿ ನನ್ನ ಕೊನೆಯ ಶಾಖೆ. ನಾನು ಈ ಬರಹಕ್ಕೆ ಕೂತದ್ದೇ ಅಲ್ಲಿ ನಡೆದದ್ದಕ್ಕಾಗಿ.

ಅಲ್ಲಿ ಸವಿತಾ ಎಂಬ ವಿದ್ಯಾರ್ಥಿನಿ ಇದ್ದಳು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕೈ ಚುರುಕು, ಕಂಠವೂ ಚೆನ್ನ. ಅವಳಿಗೆ ಹಾಡು ಕಲಿಸಿದವರು ಅವಳ ಊರಿನ ಶಿವಲಿಂಗಪ್ಪ ಮಾಸ್ತರರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಪೇಟಿ ನುಡಿಸುವುದು, ಕಲಿಸುವುದು, ಅದಕ್ಕಿಂತ ಹೆಚ್ಚಾಗಿ ಕೆಟ್ಟ ಪೇಟಿಯ ಸ್ವರ ಕೂಡಿಸಿ ಕೊಡುವುದು ಅವರ ಕೆಲಸ. ಭಜನೆಯವರು, ಸಣ್ಣಾಟ ಎಂಬ ಹಳ್ಳಿಯ ನಾಟಕ ಆಡುವವರು, ಶಾಲೆಯವರು, ಸುತ್ತಲಿನ ಎಲ್ಲರ ಪೇಟಿಯೂ ಅವರ ಪಡಸಾಲೆಗೆ ಬಂದು ಹೋಗುತ್ತಿತ್ತು. ಈಗ ಅವರ ಬಲಗಿವಿ ಪೂರಾ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಶಿಬಿರದಲ್ಲಿ ಕೊಟ್ಟ ಶ್ರವಣ ಸಾಧನ ಪೇಟಿಯ ಹತ್ತಿರ ಹೋದರೆ ಸಿಳ್ಳೆ ಹಾಕುತ್ತಿತ್ತು. ಅದನ್ನು ಗೂಟಕ್ಕೆ ನೇತುಹಾಕಿದ್ದರು.

ಸವಿತಾ ಅವರಿಗಾಗಿ ಒಂದು ಯಂತ್ರ ಕಟ್ಟುತ್ತೇನೆಂದು ಬಂದಳು. ಪೇಟಿಯ ಮುಂದೆ ಒಂದು ಪುಟ್ಟ ಮೈಕು, ನಡುವೆ ಹೆಡ್‌ಫೋನ್ ಆಂಪ್ಲಿಫೈಯರ್, ಅವಳು ಅಜ್ಜ ಎಂದು ಕರೆಯುತ್ತಿದ್ದ ಮಾಸ್ತರರ ಕಿವಿಗೆ ಒಳ್ಳೆಯ ಹೆಡ್‌ಫೋನ್. ಹೆಡ್‌ಫೋನನ್ನು ಮಾಸ್ತರರ ಹಳೆಯ ಶಿಷ್ಯರು ಕೂಡಿ ತಂದುಕೊಟ್ಟಿದ್ದರು. ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷ ಪಾಠಕ್ಕಾಗಿ ಕಟ್ಟಿಸಿ ಬಿಚ್ಚಿಸಿದ್ದೆ, ಒಬ್ಬರ ಕೈಗೆ ಕೆಲಸ ಉಳಿಸಲು ಕಟ್ಟುವುದು ಇದೇ ಮೊದಲು.

ನಮ್ಮ ಪ್ರಾಚಾರ್ಯರಿಗೆ ವೇದಿಕೆ ಎಂದರೆ ಪ್ರಾಣ. ಸುದ್ದಿ ತಿಳಿದ ಕೂಡಲೇ ಸಮಾರಂಭ ಇಟ್ಟರು. ಮಾಸ್ತರರು ಹೆಡ್‌ಫೋನ್ ಹಾಕಿಕೊಂಡು ವೇದಿಕೆಯ ಮೇಲೆ ಕೂರುವುದು, ಪ್ರಾಚಾರ್ಯರು ಸ್ವಿಚ್ ಒತ್ತುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. ಅಂದು ಮಾಸ್ತರರು ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆಯಲ್ಲಿ ಬಂದರು. ಆಂಪ್ಲಿಫೈಯರಿಗೂ ಕುಂಕುಮ, ಹೂವು. ಟೊಪ್ಪಿಗೆಯ ಮೇಲೆಯೇ ಹೆಡ್‌ಫೋನ್ ತೊಡಿಸಿದರು. ನಾನು ಪಕ್ಕದಲ್ಲಿ ನಿಂತ ಸವಿತಾಳನ್ನು ಸುಮ್ಮನೆ ಕೇಳಿದೆ, ಗುಜರಿ ಇಯರ್‌ಫೋನಿನಲ್ಲಿ ಹೇಗೆ ಕೇಳಿತು ಎಂದು.

"ಅದಕ್ಕ ಹಚ್ಚಿಲ್ರಿ ಮೇಡಂ" ಎಂದಳು ಹೆಮ್ಮೆಯಿಂದ. "ಮೀಟರ್ ಹಿಡದು ನೋಡೇನ್ರಿ, ಸೊನ್ನೆ ಬಂದೈತಿ. ಕಿವಿಗಿ ಮಾತ್ರ ಯಾರೂ ಹಚ್ಚಿಲ್ಲ. ಅಜ್ಜಾರ ಸಲುವಾಗಿ ಮೀಸಲ ಇಟ್ಟೇವ್ರಿ."

ಮೀಸಲು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದೇವರ ಎಡೆಯ ಅಡುಗೆಗೆ ಉಪ್ಪು ನೋಡುವುದಿಲ್ಲ, ಮೀಸಲು ನೀರನ್ನು ಮುಟ್ಟುವುದಿಲ್ಲ. ಅವಳು ತನ್ನ ಗುರುವಿಗೆ ಕೊಡುವ ಸ್ವರವನ್ನು ಹಾಗೇ ಇಟ್ಟಿದ್ದಳು. ಗುಜರಿಯಿಂದ ಬಂದ, ಯಾರದೋ ಕಿವಿಯಲ್ಲಿದ್ದ ಇಯರ್‌ಫೋನು ಅದನ್ನು ಮೊದಲು ಕೇಳಿದರೆ ಎಂಜಲಾಗುತ್ತದೆ. ಮೀಟರ್ ಎಂಜಲು ಮಾಡುವುದಿಲ್ಲವಂತೆ.

ಪ್ರಾಚಾರ್ಯರ ಬೆರಳು ಸ್ವಿಚ್ಚಿನ ಮೇಲಿತ್ತು. ಮೀಟರ್ ಅಂದು ತೋರಿಸಿದ ಸೊನ್ನೆ ಇಂದೂ ಇದ್ದೀತೆಂಬ ಭರವಸೆ ಏನು, ಮಾಸ್ತರರಿಗೆ ಉಳಿದದ್ದೇ ಅರ್ಧ ಕಿವಿ. ಬಾಯಲ್ಲಿ ಹೇಳಿ ಕೇಳಿಸುವಷ್ಟು ಹೊತ್ತಿರಲಿಲ್ಲ, ಬ್ಯಾಂಡು ಬಾರಿಸುತ್ತಿದ್ದರು. ನಾನು ಎರಡು ಹೆಜ್ಜೆ ಹಾರಿ ಹೋಗಿ ಮಾಸ್ತರರ ತಲೆಯಿಂದ ಹೆಡ್‌ಫೋನ್ ಕಿತ್ತೆ. ಅದರ ಜೊತೆ ಟೊಪ್ಪಿಗೆ ಬಂದು ನೆಲಕ್ಕೆ ಬಿತ್ತು.

ತುಂಬಿದ ಸಭೆಯಲ್ಲಿ ಒಬ್ಬ ಹಿರಿಯರ ತಲೆ ಬರಿದಾಗುವುದು, ಅದೂ ಒಬ್ಬ ಹೆಂಗಸಿನ ಕೈಯಿಂದ. ಬ್ಯಾಂಡು ನಿಂತಿತು. ನಾನು ಏನು ಹೇಳಿದೆನೋ ನೆನಪಿಲ್ಲ. ಡಬ್ಬಿಯಿಂದ ಗುಜರಿ ಇಯರ್‌ಫೋನ್ ತಂದು ಜೋಡಿಸಿ ಸ್ವಿಚ್ ಹಾಕಿದೆ. ಅದು ಠಪ್ ಎನ್ನಬೇಕಿತ್ತು. ಎನ್ನಲಿಲ್ಲ. ಸವಿತಾ ಒತ್ತಿದ ಪೇಟಿಯ ಸ್ವರ ಸಣ್ಣಗೆ, ಶುದ್ಧವಾಗಿ ಬಂತು. ಯಂತ್ರ ಸರಿಯಾಗಿಯೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಮಾಸ್ತರರು ಬಗ್ಗಿ ಟೊಪ್ಪಿಗೆ ಎತ್ತಿ, ಧೂಳು ಕೊಡವಿ ಹಾಕಿಕೊಂಡರು. "ಈ ತಲೀಮ್ಯಾಗಿಂದು ಯಾರೂ ತಗದಿದ್ದಿಲ್ರಿ ಬಾಯಾರ" ಎಂದರು. ಸವಿತಾ ಕಾಲು ಹಿಡಿದರೂ ನಿಲ್ಲಲಿಲ್ಲ, ಬಸ್ಸಿಗೆ ನಡೆದುಬಿಟ್ಟರು.

ಆ ದಿನ ಪ್ರಾಚಾರ್ಯರು ನನಗೆ ಅಂದದ್ದನ್ನೆಲ್ಲ ಅಂದರು, ನಾನೂ ತಿರುಗಿ ಅಂದೆ. ಮನೆಗೆ ಹೋಗಿ ಮಾತ್ರ ಊಟ ಸೇರಲಿಲ್ಲ. ಹೆಡ್‌ಫೋನ್ ಕಿತ್ತದ್ದು ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಆ ಬಿಳಿ ಟೊಪ್ಪಿಗೆ ನೆಲದ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು.

ಮರುದಿನ ಸವಿತಾ ಕೆಂಪು ಕಣ್ಣು ಮಾಡಿಕೊಂಡು ಬಂದಳು. ಇಬ್ಬರೂ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟೆವು. ಗುಜರಿ ಇಯರ್‌ಫೋನ್ ಹಾಗೇ ಇತ್ತು, ಹಾಡುತ್ತಿತ್ತು. ಆಂಪ್ಲಿಫೈಯರಿಗೆ ಎರಡು ಬ್ಯಾಟರಿ. ಒಂದು ಗಾಡಿಗೆ ಎರಡು ಎತ್ತು ಕಟ್ಟಿದಂತೆ, ಎರಡೂ ಸಮ ಎಳೆದರೆ ನಡುವೆ ಸೊನ್ನೆ. ನಾನು ಆಂಪ್ಲಿಫೈಯರಿನ ಡಬ್ಬಿಯನ್ನು ಒಂದಿಷ್ಟು ಅಲ್ಲಾಡಿಸಿದೆ, ಬಸ್ಸಿನಲ್ಲಿ ಹೋದರೆ ಅಲ್ಲಾಡುವಷ್ಟು. ಒಂದು ಬ್ಯಾಟರಿಯ ತಲೆಗೆ ಸಿಕ್ಕಿಸುವ ವೈರಿನ ಟೊಪ್ಪಿ ಸಡಿಲಾಗಿತ್ತು, ಕಳಚಿಕೊಂಡಿತು. ಒಂದೇ ಎತ್ತು ಉಳಿಯಿತು. ಕರೆಂಟೆಲ್ಲ ಒಂದೇ ಬದಿಗೆ ಬಂದು ಕೂತಿತು. ಇಯರ್‌ಫೋನ್ ಮೇಜಿನ ಮೇಲೆ ಠಪ್ ಎಂದು ಕುಪ್ಪಳಿಸಿ, ಸಣ್ಣ ವಾಸನೆ ಬಿಟ್ಟು ಸುಮ್ಮನಾಯಿತು.

ಸವಿತಾ ಅದನ್ನೇ ನೋಡುತ್ತಾ ಕೂತಳು. ಆಮೇಲೆ, ಅಜ್ಜನಿಗೆ ಮರ್ಯಾದೆ ಮಾಡಲು ಹೋಗಿ ಇದ್ದೊಂದು ಕಿವಿಯನ್ನೂ ಕಳೆಯುತ್ತಿದ್ದೆನಲ್ಲ ಎಂದು ಅತ್ತಳು. ಅಳುವುದನ್ನು ನಿಲ್ಲಿಸಲು ನಾನು, ಸೋಲ್ಡರಿಂಗ್ ಕಬ್ಬಿಣ ಬಿಸಿಯಾಗಿದೆ, ಬೆಸುಗೆ ಹಾಕು ಎಂದೆ. ಬ್ಯಾಟರಿಯ ವೈರುಗಳನ್ನು ಬಿಗಿಯಾಗಿ ಕೂರಿಸಿದೆವು. ಸ್ವರ ಹೊರಬರುವ ದಾರಿಯಲ್ಲಿ ಎರಡು ದೊಡ್ಡ ಕೆಪ್ಯಾಸಿಟರ್ ಇಟ್ಟೆವು. ಹೋಗಿ ಬರುವ ಕರೆಂಟನ್ನು ಅವು ಬಿಡುತ್ತವೆ, ಬಂದು ಕೂರುವುದನ್ನು ತಡೆಯುತ್ತವೆ. ಸ್ವಿಚ್ ಹಾಕಿದ ಮೇಲೆ ತುಸು ತಡೆದು ಹೆಡ್‌ಫೋನನ್ನು ಜೋಡಿಸುವ, ಡಿಸಿ ಕಂಡರೆ ಕಡಿದುಬಿಡುವ ಒಂದು ರಿಲೇ ಕೂಡ ಹಾಕಿದೆವು. ಸದ್ದು ಒಂದು ಮಿತಿ ದಾಟದಂತೆ ರೆಸಿಸ್ಟರ್. ಆಮೇಲೆ ಬೇಕೆಂದೇ ಬ್ಯಾಟರಿ ಕಿತ್ತೆವು, ಅಲ್ಲಾಡಿಸಿದೆವು, ತಿರುಗಿಸಿ ಹಾಕಿದೆವು. ಎರಡನೆಯ ಗುಜರಿ ಇಯರ್‌ಫೋನ್ ಬದುಕಿತು. ಆಮೇಲೆ ನಾನು ಕೇಳಿದೆ, ಆಮೇಲೆ ಅವಳು ಕೇಳಿದಳು.

ಭಾನುವಾರ ಇಬ್ಬರೂ ಬಸ್ಸು ಹಿಡಿದು, ಮುದ್ದೇಬಿಹಾಳದಲ್ಲಿ ಬದಲಿಸಿ, ತಂಗಡಗಿಗೆ ಹೋದೆವು. ಮಾಸ್ತರರು ಪಡಸಾಲೆಯಲ್ಲಿ ತಮ್ಮ ಪೇಟಿಯ ಮುಂದೆ ಕೂತಿದ್ದರು. ಬಂದವರನ್ನು ಹೊರಗೆ ನಿಲ್ಲಿಸುವ ಮನೆಯಲ್ಲ. ಚಾ ಬಂತು. ನಾನು ಅವರ ಎಡಗಿವಿಯ ಹತ್ತಿರ ಬಾಗಿ, ಟೊಪ್ಪಿಗೆ ಬಿದ್ದದ್ದಕ್ಕೆ ಕ್ಷಮೆ ಕೇಳಿದೆ. ಸವಿತಾ ಸತ್ತ ಇಯರ್‌ಫೋನನ್ನು ಅವರ ಕೈಯಲ್ಲಿಟ್ಟಳು. ಅವರು ಅದನ್ನು ಮೂಗಿಗೆ ಹಿಡಿದರು.

"ಸುಟ್ಟೈತಿ" ಎಂದರು. ನಡೆದದ್ದನ್ನು ಸವಿತಾ ಹೇಳಿದಳು. ಮಾಸ್ತರರು ಅದನ್ನು ಬೆರಳಲ್ಲಿ ಹೊರಳಿಸಿ, ಈಗ ಇದನ್ನು ಯಾರು ಯಾರು ಕೇಳಿದ್ದೀರಿ ಎಂದು ವಿಚಾರಿಸಿದರು. ಗುಜರಿಯದು, ನಾನು, ಅವಳು ಎಂದೆ.

"ಹಂಗಾರ ಎಲ್ಲಾರದೂ ಎಂಜಲಾ ನನಗ" ಎಂದು ಮೊದಲ ಸಲ ನಕ್ಕರು. ಟೊಪ್ಪಿಗೆಯನ್ನು ತಾವೇ ತೆಗೆದು ತೊಡೆಯ ಮೇಲಿಟ್ಟು, ಹೆಡ್‌ಫೋನಿಗಾಗಿ ಕೈ ಚಾಚಿದರು.

ವಾಲ್ಯೂಮನ್ನು ನಾನೇ ಮೆಲ್ಲಗೆ ಏರಿಸಿದೆ. ಪೇಟಿಯಲ್ಲಿ ಬೆರಳಿಂದ ಒತ್ತುವ ಪಟ್ಟಿಗೆ ಮನೆ ಎನ್ನುತ್ತಾರೆ, ಮಾಸ್ತರರ ಬೆರಳು ಷಡ್ಜದ ಮನೆಯ ಮೇಲೆ ಕೂತಿತು. ಮುಖ ಅರಳಿತು. ಎಷ್ಟೋ ವರ್ಷಗಳ ನಂತರ ಊರಿಗೆ ಬಂದವರಂತೆ ಒಂದೊಂದೇ ಸ್ವರವನ್ನು ಮಾತಾಡಿಸುತ್ತಾ ಹೋದರು. ನನ್ನ ಕಣ್ಣು ತುಂಬಿದವು. ನಡುವಿನ ಸ್ವರಗಳಿಗೆ ಬಂದಾಗ ಅವರ ಬೆರಳು ನಿಂತಿತು. ಮತ್ತೆ ಒತ್ತಿದರು, ಮತ್ತೆ ನಿಂತಿತು.

"ನಿಮ್ಮ ಮಷೀನು ಸ್ವರಾ ಕುಣಸಾಕತ್ತೈತಿ ನೋಡ್ರಿ ಬಾಯಾರ."

ಅವರ ಪೇಟಿಯಲ್ಲಿ ಒಂದೊಂದು ಮನೆಗೂ ಎರಡು ಸಾಲಿನ ಸ್ವರ, ಅಂದರೆ ಒಟ್ಟಿಗೆ ನುಡಿಯುವ ಎರಡು ಹಿತ್ತಾಳೆ ನಾಲಿಗೆ. ಎರಡೂ ಕೂದಲೆಳೆಯಷ್ಟು ಹೊಂದದಿದ್ದರೆ ನಾದ ಅಲೆಅಲೆಯಾಗಿ ಕುಣಿಯುತ್ತದೆ. ಒಂದು ಸಾಲನ್ನು ಮುಚ್ಚಿ ನುಡಿಸಿ ನೋಡಿ ಎಂದು ಬರೆದು ತೋರಿಸಿದೆ. ಮುಚ್ಚಿದರು. ಸ್ವರ ದಾರ ಎಳೆದಂತೆ ನೇರ ಬಂತು. ಎರಡೂ ತೆರೆದರು, ಕುಣಿಯಿತು. ಅವರಿಗೆ ಇನ್ನೇನೂ ವಿವರಿಸಬೇಕಾಗಿರಲಿಲ್ಲ. ಆ ಪೇಟಿಯನ್ನು ಅವರೇ ಹಿಂದಿನ ತಿಂಗಳು ಕೂಡಿಸಿ ಇಟ್ಟಿದ್ದರು. ಅದೇ ಕೈ, ಅದೇ ಕಿವಿಯಿಂದ ಸುತ್ತಲಿನ ಊರುಗಳ ಪೇಟಿಗಳನ್ನೂ ಕೂಡಿಸಿ ಕೊಟ್ಟಿದ್ದರು.

ಅವರು ಸವಿತಾಳ ಕಡೆ ತಿರುಗಿದರು. "ಇದು ನಿನಗ ಗೊತ್ತಿತ್ತೇನು?"

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಗೊತ್ತಿತ್ರಿ ಅಜ್ಜಾ" ಎಂದು ಮೈಕಿನ ಹತ್ತಿರ ಬಾಗಿ ಹೇಳಿದಳು. "ಭಜನಿಯವರಿಗೂ ಗೊತ್ತೈತ್ರಿ."

"ಮತ್ತ್ಯಾಕ ಹೇಳಲಿಲ್ಲ?"

"ನೀವು ಹಿರ್ಯಾರು. ಹೆಂಗ ಹೇಳೂದ್ರಿ?"

ಅವರು ಪೇಟಿಯ ಮೇಲಿನ ಕೈ ತೆಗೆದರು. ಈ ಯಂತ್ರವನ್ನು ಯಾಕಾದರೂ ಕಟ್ಟಿದೆವೋ ಎಂದು ನನಗೆ ಆ ಕ್ಷಣ ನಿಜವಾಗಿ ಅನಿಸಿತು. ಹೆಡ್‌ಫೋನನ್ನು ಕಾಪಾಡಿದ್ದೆವು, ಕಿವಿಯನ್ನು ಕಾಪಾಡಿದ್ದೆವು. ಇದಕ್ಕೆ ಯಾವ ರಿಲೇಯೂ ಇರಲಿಲ್ಲ. ಒಳಗಿನಿಂದ ಅವರ ಸೊಸೆ ಬಂದು ಬಾಗಿಲಲ್ಲಿ ನಿಂತು, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಅವರು ಪೇಟಿಯ ಮೇಲಿನ ಹಲಗೆ ಬಿಚ್ಚಿದರು. ಕುಣಿಯುವ ಸ್ವರದ ಹಿತ್ತಾಳೆ ನಾಲಿಗೆಯನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿದರು. ನುಡಿಸಿದರು. ಕುಣಿತ ನಿಧಾನವಾಯಿತು. ಇನ್ನೊಮ್ಮೆ ಉಜ್ಜಿದರು, ನಿಂತಿತು. ಆಮೇಲೆ ಸವಿತಾಗೆ, ಎಲ್ಲರ ಪೇಟಿಯನ್ನೂ ಒಂದೊಂದಾಗಿ ವಾಪಸು ತರಿಸು ಎಂದರು. ಗುಡಿಯ ಪೇಟಿಯಿಂದ ಶುರು ಮಾಡೋಣವೇ ಎಂದು ಅವಳು ಕೇಳಿದಳು.

"ಗುಡಿದು ಕಡೀಕ ಇರ್ಲಿ. ಅವರು ಹೆಂಗ ಮಾಡಿಕೊಟ್ರೂ ಕೈ ಮುಗೀತಾರ" ಎಂದರು. "ಮೊದಲ ಆ ತಾಳಿಕೋಟಿ ಸಣ್ಣಾಟದವರದು ತರಸು. ಹೋದ ವರ್ಷ ಅವರೊಬ್ರ ಬಂದು, ಸ್ವರಾ ಕೂಡಿಲ್ಲ ಅಂತ ಜಗಳಾ ಮಾಡಿದ್ರು. ನಾ ಅವರಿಗೆ, ನನ್ನ ಮನೀ ಮೆಟ್ಟಲಾ ಹತ್ತಬ್ಯಾಡ್ರಿ ಅಂದಿದ್ನಿ."

ಸವಿತಾ ಅವರ ನಂಬರು ಹುಡುಕಿ ಫೋನ್ ಹಚ್ಚಿದಳು. ಮಾತು ಅವಳೇ ಆಡುತ್ತಾಳೆಂದು ನಾನು ತಿಳಿದಿದ್ದೆ. ಮಾಸ್ತರರು ಹೆಡ್‌ಫೋನ್ ತೆಗೆದಿಟ್ಟು, ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಎಡಗಿವಿಗೆ ಒತ್ತಿ ಹಿಡಿದು ಕಾಯುತ್ತಾ ಕೂತರು.